ಕೋಳಿಯ ಮಣ್ಣಿನ ಸ್ನಾನ: ಯಾವ ಬೂದಿ ಬೇಕು, ಯಾವ ಪುಡಿ ಬೇಡ?



ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕುಗಳ ಸಂಘಗಳ ಸಭೆಗೆ ಹೋದಾಗ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಉಳಿತಾಯ ಕಟ್ಟಿ, ಕಂತು ಎಣಿಸಿ, ಪುಸ್ತಕ ಬರೆದು ಮುಗಿಸಿ ಚಹಾ ಕುಡಿಯುವಾಗ ಯಾರಾದರೂ ಒಬ್ಬರು ಕೇಳುತ್ತಾರೆ: "ಸಿಸ್ಟರ್, ಕೋಳಿ ಮೈತುಂಬ ಹೇನಾಗ್ಯಾವ್ರಿ. ಯಾವ ಪುಡಿ ಹಾಕಬೇಕ್ರಿ?"

ಹೇನು ಆದರೆ ಕೋಳಿ ಸೊರಗುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ, ಕಾವಿಗೆ ಕೂತ ಕೋಳಿ ಮೊಟ್ಟೆ ಬಿಟ್ಟು ಏಳುತ್ತದೆ. ಆದ್ದರಿಂದ ಪ್ರಶ್ನೆ ಸರಿಯಾದದ್ದೇ. ಆದರೆ "ಯಾವ ಪುಡಿ" ಅಂತ ಕೇಳುತ್ತೇವಲ್ಲ, ಅಲ್ಲೇ ನಾವು ದಾರಿ ತಪ್ಪುತ್ತೇವೆ. ಅಂಗಡಿಯ ಪುಡಿ ನೆನಪಾಗುವ ಮೊದಲು ಕೋಳಿ ತಾನೇ ಮಾಡುವ ಮಣ್ಣಿನ ಸ್ನಾನ ನೆನಪಾಗಬೇಕು. ಆ ಸ್ನಾನಕ್ಕೆ ಏನು ಹಾಕಬೇಕು, ಏನು ಹಾಕಬಾರದು ಎಂಬುದನ್ನು ಈ ಸಲ ತಿಳಿದುಕೊಳ್ಳೋಣ.

ಒಂದು ಮನೆಯಲ್ಲಿ ನಡೆದದ್ದು

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಒಂದು ಸಂಘದ ತಾಯಿ ಸಾಲ ತೆಗೆದು ಹನ್ನೊಂದು ಕೋಳಿ ಕೊಂಡಿದ್ದರು. ಕೋಳಿಗೆ ಹೇನಾದವು. ತರಬೇತಿಯಲ್ಲಿ ನಾನೇ ಹೇಳಿದ್ದೆ, "ಮಣ್ಣಿನಲ್ಲಿ ಬೂದಿ ಕಲಿಸಿ ಹಾಕಿ, ಹೊರಳಾಡಲಿ, ಹೇನು ಕಡಿಮೆಯಾಗ್ತಾವ" ಅಂತ. ಅವರು ಹಾಗೇ ಮಾಡಿದರು. ಆದರೆ ಹೇನು ಬೇಗ ಹೋಗಲಿ ಎಂದು ತೊಗರಿಗೆ ಹೊಡೆದು ಉಳಿದಿದ್ದ ಪುಡಿಯನ್ನೂ ಒಂದು ಬೊಗಸೆ ಅದರಲ್ಲಿ ಕಲಿಸಿದರು.

ಮರುದಿನ ಮುಂಜಾನೆ ಕೋಳಿಗಳ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಕಾಲು ನಿಲ್ಲುತ್ತಿರಲಿಲ್ಲ, ಮೈ ನಡುಗುತ್ತಿತ್ತು. ಮಧ್ಯಾಹ್ನದೊಳಗೆ ಆರು ಸತ್ತವು. ಉಳಿದ ಐದು ಬದುಕಿದವು, ಆದರೆ ಬಹಳ ದಿನ ಮೊಟ್ಟೆ ಇಡಲಿಲ್ಲ. ಆ ತಾಯಿ ಅಳುತ್ತಾ ಹೇಳಿದ್ದು ಕೋಳಿಯ ಮಾತಲ್ಲ. "ಸಿಸ್ಟರ್, ನಿನ್ನೆ ಸಂಜೀಕ ಮೊಮ್ಮಗ ಅದೇ ಮಣ್ಣಾಗ ಆಡಿ ಬಂದಾನ್ರಿ. ಅವುಗಳ ಮೊಟ್ಟೀನೂ ತಿಂದಾನ್ರಿ" ಅಂದರು. ಮಗುವನ್ನು ದವಾಖಾನೆಗೆ ಕರೆದುಕೊಂಡು ಹೋದೆವು. ದೇವರ ದಯೆಯಿಂದ ಏನೂ ಆಗಲಿಲ್ಲ. ಸಾಲದ ಕಂತನ್ನು ಮಾತ್ರ ಅವರು ಕೂಲಿ ಮಾಡಿ ಕಟ್ಟಿದರು.

ತಪ್ಪು ಅವರೊಬ್ಬರದೇ ಅಲ್ಲ. ಬೂದಿ ಹಾಕಿ ಎಂದು ಹೇಳಿದ ನಾನು ಯಾವ ಬೂದಿ, ಏನು ಕಲಿಸಬಾರದು ಎಂದು ಬಿಡಿಸಿ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಕೋಳಿ ಮಣ್ಣಿನಲ್ಲಿ ಯಾಕೆ ಹೊರಳಾಡುತ್ತದೆ?

ನಮಗೆ ನೀರಿನ ಸ್ನಾನ ಇದ್ದ ಹಾಗೆ ಕೋಳಿಗೆ ಮಣ್ಣಿನ ಸ್ನಾನ. ಕೋಳಿಯ ಬಾಲದ ಬುಡದಲ್ಲಿ ಎಣ್ಣೆಯ ಒಂದು ಗ್ರಂಥಿ ಇದೆ. ಕೊಕ್ಕಿನಿಂದ ಆ ಎಣ್ಣೆ ತೆಗೆದು ರೆಕ್ಕೆ-ಪುಕ್ಕಕ್ಕೆ ಸವರಿಕೊಳ್ಳುತ್ತದೆ. ದಿನ ಕಳೆದಂತೆ ಆ ಎಣ್ಣೆ ಹಳತಾಗಿ ಜಿಡ್ಡುಗಟ್ಟುತ್ತದೆ. ಪುಕ್ಕ ಒಂದಕ್ಕೊಂದು ಅಂಟುತ್ತದೆ. ಒಣ ಮಣ್ಣು ಆ ಜಿಡ್ಡನ್ನು ಹೀರಿಕೊಳ್ಳುತ್ತದೆ. ಕೋಳಿ ಎದ್ದು ಮೈ ಜಾಡಿಸಿದಾಗ ಮಣ್ಣಿನ ಜೊತೆ ಜಿಡ್ಡೂ ಉದುರುತ್ತದೆ, ಹೇನೂ ಕೆಲವು ಉದುರುತ್ತವೆ.

ಕೋಳಿಗೆ ಇದನ್ನು ಯಾರೂ ಕಲಿಸುವುದಿಲ್ಲ. ಮರಿ ಹುಟ್ಟಿದ ಮೊದಲ ಒಂದೆರಡು ವಾರದಲ್ಲೇ ಮಣ್ಣು ಕೆದರಿ ಹೊರಳಲು ನೋಡುತ್ತದೆ. ದೊಡ್ಡ ಕೋಳಿ ಸಾಮಾನ್ಯವಾಗಿ ಎರಡು ದಿನಕ್ಕೊಮ್ಮೆ, ಹೆಚ್ಚಾಗಿ ಮಧ್ಯಾಹ್ನದ ಹೊತ್ತು, ಸುಮಾರು ಅರ್ಧ ತಾಸು ಈ ಸ್ನಾನ ಮಾಡುತ್ತದೆ. ನೀವು ಜಾಗ ಮಾಡಿ ಕೊಡದಿದ್ದರೆ ಅದು ತಾನೇ ಹುಡುಕಿಕೊಳ್ಳುತ್ತದೆ. ಪಕ್ಕದ ಮನೆಯವರ ಮೆಂತ್ಯ ಪಲ್ಲೆಯ ಮಡಿಯನ್ನೇ ಕೆದರಿ ಜಗಳ ತರುತ್ತದೆ. ತಿಪ್ಪೆಗೆ ಹೋಗುತ್ತದೆ, ಔಷಧ ಹೊಡೆದ ಹೊಲದ ಬದುವಿಗೂ ಹೋಗುತ್ತದೆ. ಅದಕ್ಕೇ ಹಿತ್ತಲಲ್ಲಿ ಒಂದು ಸ್ವಚ್ಛ ಜಾಗ ಮಾಡಿಕೊಡುವುದು ಮೊದಲ ಕೆಲಸ.

ಬೂದಿ ಹೇಗೆ ಕೆಲಸ ಮಾಡುತ್ತದೆ?

ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಜಿಲ್ಲೆ ತೊಗರಿಯ ಜಿಲ್ಲೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಮನೆಗೆ ಇಟ್ಟುಕೊಳ್ಳುವ ತೊಗರಿಗೆ, ಅಲಸಂದಿಗೆ ಹಿರಿಯರು ಬೂದಿ ಕಲಿಸಿ ಇಡುತ್ತಿದ್ದರು, ಕೆಮ್ಮಣ್ಣು ಹಚ್ಚಿ ಒಣಗಿಸುತ್ತಿದ್ದರು. ಹುಳ ಹತ್ತುತ್ತಿರಲಿಲ್ಲ. ಅದು ವಿಷವಲ್ಲ. ಹುಳದ ಮೈಮೇಲೆ ತೆಳುವಾದ ಮೇಣದಂಥ ಪದರ ಇರುತ್ತದೆ. ನುಣುಪಾದ ಒಣ ಪುಡಿ ಆ ಪದರವನ್ನು ಉಜ್ಜಿ ಹೀರಿಬಿಡುತ್ತದೆ. ಮೈಯ ನೀರು ಆರಿ ಹುಳ ಸಾಯುತ್ತದೆ.

ಕೋಳಿಯ ಹೇನಿಗೂ ಇದೇ ಲೆಕ್ಕ. ಇಲ್ಲಿ ಎರಡು ಗುಣ ಮುಖ್ಯ: ಪುಡಿ ನುಣುಪಾಗಿರಬೇಕು, ಒಣಗಿರಬೇಕು. ಹಸಿಯಾದರೆ ಏನೂ ಕೆಲಸ ಮಾಡುವುದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಕೋಳಿಗಳಿಗೆ ಸ್ನಾನದ ಪೆಟ್ಟಿಗೆ ಇಟ್ಟು, ಅದರಲ್ಲಿ ನುಣುಪಾದ ಬಿಳಿ ಜೇಡಿಮಣ್ಣು ಮುಂತಾದ ಬೇರೆ ಬೇರೆ ಪುಡಿ ಹಾಕಿ ನೋಡಿದರು. ಬರೀ ಜೇಡಿಮಣ್ಣಿನ ಪುಡಿಯಿಂದಲೂ, ಪೆಟ್ಟಿಗೆಯಲ್ಲಿ ಹೊರಳಿದ ಕೋಳಿಗಳ ಹೇನು-ನುಸಿ ಒಂದು ವಾರದಲ್ಲಿ ಬಹಳ ಕಡಿಮೆಯಾದವು. ನಮಗೆ ಇದರಲ್ಲಿ ಎರಡು ಪಾಠ ಇವೆ. ವಿಷ ಇಲ್ಲದೆಯೂ ಕೆಲಸ ಆಗುತ್ತದೆ. ಆದರೆ ಜೇಡಿಮಣ್ಣು ಗುಣ ಕೊಡುವುದು ಪೆಟ್ಟಿಗೆ ಇರುವವರೆಗೆ, ಕೋಳಿ ಹೊರಳುವವರೆಗೆ ಮಾತ್ರ. ಆದ್ದರಿಂದ ಸ್ನಾನದ ಜಾಗ ವರ್ಷವಿಡೀ ಇರಬೇಕು.

ಯಾವುದು ಒಳ್ಳೆಯದು?

1. ಮಣ್ಣು. ನಮ್ಮ ಕಡೆ ಹೆಚ್ಚಿನದು ಎರಿ ಮಣ್ಣು. ಮಳೆಗಾಲದಲ್ಲಿ ಕಾಲಿಗೆ ಹತ್ತುತ್ತದೆ, ಬೇಸಿಗೆಯಲ್ಲಿ ಹೆಂಟೆಯಾಗಿ ಬಿರಿಯುತ್ತದೆ. ಎರಿ ಮಣ್ಣೊಂದನ್ನೇ ಹಾಕಿದರೆ ಸ್ನಾನಕ್ಕೆ ಬಾರದು. ಕೆಂಪು ಮಸಾರಿ ಮಣ್ಣು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಎರಿ ಮಣ್ಣನ್ನೇ ಬಿಸಿಲಿಗೆ ಒಣಗಿಸಿ, ಹೆಂಟೆ ಕುಟ್ಟಿ, ಸಾಣಿಗೆ ಹಿಡಿದು ಉಸುಕು ಬೆರೆಸಿ.

ಮಣ್ಣು ಎಲ್ಲಿಂದ ತಂದಿರಿ ಎಂಬುದೂ ಮುಖ್ಯ. ಔಷಧ ಹೊಡೆಯುವ ಹೊಲದ ಮಣ್ಣು ಬೇಡ. ಪಂಪು ತೊಳೆದು ನೀರು ಚೆಲ್ಲುವ ಜಾಗದ ಮಣ್ಣು ಬೇಡ. ಗ್ಯಾರೇಜಿನ ಎಣ್ಣೆ ಬಿದ್ದ ಮಣ್ಣು ಬೇಡ. ಬಿದ್ದ ಹಳೇ ಗೋಡೆಯ ಮಣ್ಣಿನಲ್ಲಿ ಕೋಳಿ ಉಣ್ಣಿ ಅಡಗಿರಬಹುದು, ಅದನ್ನೂ ಬಿಡಿ.

2. ಉಸುಕು. ಹೊಳೆಯ ಸಣ್ಣ ಉಸುಕು ಸಾಕು. ಮನೆ ಕಟ್ಟಿ ಉಳಿದ ಉಸುಕು ಇದ್ದರೆ ಅದನ್ನೇ ಬಳಸಿ, ಆದರೆ ಸಿಮೆಂಟ್ ಬೆರೆತಿರಬಾರದು. ಕಲ್ಲು ಒಡೆದು ಮಾಡುವ ಎಂ-ಸ್ಯಾಂಡ್ ಬೇಡ. ಅದರ ಚೂರು ಹರಿತ, ಧೂಳು ಬಹಳ ಸಣ್ಣದು.

3. ಬೂದಿ. ಗ್ಯಾಸ್ ಬಂದರೂ ರೊಟ್ಟಿ ಮಾಡುವುದು, ಸ್ನಾನದ ನೀರು ಕಾಯಿಸುವುದು ನಮ್ಮ ಎಷ್ಟೋ ಮನೆಗಳಲ್ಲಿ ಕಟ್ಟಿಗೆ ಒಲೆಯ ಮೇಲೆಯೇ. ತೊಗರಿ ಕಟ್ಟಿಗೆ, ಜಾಲಿ ಕಟ್ಟಿಗೆ, ಕುಳ್ಳು ಇವುಗಳ ಬೂದಿ ಒಳ್ಳೆಯದು. ಎರಡು ದಿನ ಪೂರ್ತಿ ಆರಲು ಬಿಡಿ. ಒಳಗೆ ಕೆಂಡ ಉಳಿದಿದ್ದರೆ ಕೋಳಿಯ ಕಾಲು ಸುಡುತ್ತದೆ, ಗೂಡಿಗೇ ಬೆಂಕಿ ಹತ್ತಬಹುದು. ಆಮೇಲೆ ಸಾಣಿಗೆ ಹಿಡಿದು ಮೊಳೆ, ಇದ್ದಿಲು ತೆಗೆಯಿರಿ.

ಆದರೆ ಒಂದು ಮಾತು ಕೇಳುತ್ತೇನೆ. ಒಲೆ ಹೊತ್ತಿಸಲು ಏನು ಹಾಕುತ್ತೀರಿ? ಎಷ್ಟೋ ಕಡೆ ಪ್ಲಾಸ್ಟಿಕ್ ಚೀಲ, ಸೈಕಲ್ ಟ್ಯೂಬಿನ ತುಂಡು ಹಾಕಿ ಹೊತ್ತಿಸುವುದನ್ನು ನಾನು ನೋಡಿದ್ದೇನೆ. ಆ ಬೂದಿ ಕೋಳಿಗೆ ಬೇಡ. ಆ ಹೊಗೆ ನಿಮಗೂ ಬೇಡ.

ಬೂದಿ ಹೆಚ್ಚಾದರೂ ತೊಂದರೆ. ಬೂದಿಯಲ್ಲಿ ಪಾತ್ರೆ ತಿಕ್ಕಿದರೆ ಕೈ ಒಡೆಯುತ್ತದಲ್ಲ? ಬೂದಿಗೆ ನೀರು ಬಿದ್ದರೆ ಅದು ಕ್ಷಾರವಾಗುತ್ತದೆ. ಕೋಳಿಯ ಚರ್ಮ, ಕಣ್ಣು, ಕಾಲು ಉರಿಯುತ್ತವೆ. ಆದ್ದರಿಂದ ಬೂದಿ ಯಾವಾಗಲೂ ಒಣಗಿರಬೇಕು, ಮಣ್ಣಿಗಿಂತ ಕಡಿಮೆ ಇರಬೇಕು.

4. ಬೇವು. ನೆರಳಲ್ಲಿ ಒಣಗಿಸಿದ ಬೇವಿನ ಎಲೆ ತಿಕ್ಕಿ ಪುಡಿ ಮಾಡಿ, ಒಂದು ಬುಟ್ಟಿ ಮಣ್ಣಿಗೆ ಎರಡು ಹಿಡಿ ಹಾಕಬಹುದು. ಬೇವು ಒಂದೇ ಎಲ್ಲ ಹೇನನ್ನೂ ಕೊಲ್ಲುವುದಿಲ್ಲ, ಆದರೆ ನೆರವಾಗುತ್ತದೆ. ಹಸಿ ಎಲೆ ಹಾಕಬೇಡಿ, ಬೂಸಲು ಬರುತ್ತದೆ.

ಯಾವುದು ಬೇಡವೇ ಬೇಡ?

1. ಬೆಳೆಗೆ ಹೊಡೆಯುವ ಯಾವ ಪುಡಿಯೂ, ಹರಳೂ ಬೇಡ. ಕೋಳಿ ಮಣ್ಣಿನಲ್ಲಿ ಹೊರಳುವುದಷ್ಟೇ ಅಲ್ಲ, ಆ ಮಣ್ಣನ್ನು ಕುಕ್ಕುತ್ತದೆ, ಅದರ ಧೂಳು ಉಸಿರಾಡುತ್ತದೆ, ಮೈಗೆ ಹತ್ತಿದ್ದನ್ನು ಕೊಕ್ಕಿನಿಂದ ಬಾಚಿ ನುಂಗುತ್ತದೆ. ಹಾಗಾಗಿ ಸ್ನಾನಕ್ಕೆ ಹಾಕಿದ ವಿಷ ಹೊಟ್ಟೆಗೆ ಹೋಗೇ ಹೋಗುತ್ತದೆ.

ಮನೆಯ ಅಟ್ಟದ ಮೇಲೆ ಹಳೇ ಪುಡಿಗಳು ಎಷ್ಟೋ ಇರುತ್ತವೆ. ಹಿಂದೆ ಹಳ್ಳಿಹಳ್ಳಿಯಲ್ಲಿ ಬಳಸುತ್ತಿದ್ದ ಬಿ.ಎಚ್.ಸಿ. ಪುಡಿ ನಮ್ಮ ದೇಶದಲ್ಲಿ 1997ರಿಂದಲೇ ನಿಷೇಧವಾಗಿದೆ. ತೊಗರಿಗೆ ಹೊಡೆಯುತ್ತಿದ್ದ ಮಿಥೈಲ್ ಪ್ಯಾರಾಥಿಯಾನ್ ಪುಡಿಯನ್ನೂ, ಕೋಳಿ ಹೇನಿಗೆ ಒಳ್ಳೆಯದೆಂದು ಹಿಂದೆ ಬಳಸುತ್ತಿದ್ದ ಕಾರ್ಬರಿಲ್ ಪುಡಿಯನ್ನೂ ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ನಿಷೇಧಿಸಿತು. ಫೋರೇಟ್ ಹರಳು 2020ರ ಡಿಸೆಂಬರ್ ಕೊನೆಯಿಂದ ನಿಷೇಧ. "ಮೊದಲು ಹಾಕ್ತಿದ್ವಿ, ಏನೂ ಆಗಿಲ್ಲ" ಎನ್ನಬೇಡಿ. ಸರ್ಕಾರವೇ ಬೇಡವೆಂದ ಮೇಲೆ ನಮ್ಮ ಹಿತ್ತಲಿಗೆ ಅದು ಯಾಕೆ?

ಈಗ ಸಿಗುವ ಔಷಧಗಳೂ ಕೋಳಿಗೆ ಅಲ್ಲ. ಡಬ್ಬಿಯ ಮೇಲಿನ ಬಣ್ಣದ ಗುರುತು ನೋಡಿ. ಕೆಂಪು ಎಂದರೆ ಅತಿ ಭಾರಿ ವಿಷ, ಹಳದಿ ಎಂದರೆ ಭಾರಿ ವಿಷ, ನೀಲಿ ಎಂದರೆ ಮಧ್ಯಮ, ಹಸಿರು ಎಂದರೆ ಕಡಿಮೆ ವಿಷ. ಹಸಿರು ಗುರುತು ಇದ್ದರೂ ಅದು ಬೆಳೆಯ ಔಷಧವೇ, ಕೋಳಿಯ ಔಷಧವಲ್ಲ.

ಇದು ಬಡವರ ಹಿತ್ತಲಿನ ತಪ್ಪು ಮಾತ್ರ ಎಂದುಕೊಳ್ಳಬೇಡಿ. 2017ರಲ್ಲಿ ಯುರೋಪಿನ ನೆದರ್ಲೆಂಡ್ಸ್, ಬೆಲ್ಜಿಯಂ ದೇಶಗಳ ದೊಡ್ಡ ಕೋಳಿ ಫಾರಂಗಳಲ್ಲಿ ಕೆಂಪು ನುಸಿ ಕೊಲ್ಲಲು ಫಿಪ್ರೋನಿಲ್ ಬಳಸಿದ್ದು ಬಯಲಾಯಿತು. ಕೋಳಿಗೆ ಅದನ್ನು ಬಳಸಬಾರದೆಂದು ಅಲ್ಲಿ ಕಾನೂನೇ ಇತ್ತು. ಔಷಧ ಮೊಟ್ಟೆಯೊಳಗೆ ಬಂದಿತ್ತು. ಲಕ್ಷಗಟ್ಟಲೆ ಮೊಟ್ಟೆಗಳನ್ನು ಅಂಗಡಿಗಳಿಂದ ವಾಪಸು ತರಿಸಿದರು. ಅದೇ ಫಿಪ್ರೋನಿಲ್ ನಮ್ಮಲ್ಲಿ ಕಬ್ಬಿನ ಬೆಳೆಗೆ ಹರಳಿನ ರೂಪದಲ್ಲಿ ಸಿಗುತ್ತದೆ. ಅಫಜಲಪುರದ ಕಬ್ಬು ಬೆಳೆಯುವ ಮನೆಗಳವರು ಇದನ್ನು ನೆನಪಿಡಿ. ಅವರ ಮೊಟ್ಟೆಯನ್ನು ಪರೀಕ್ಷೆ ಮಾಡಲು ಅಧಿಕಾರಿಗಳಿದ್ದರು. ನಮ್ಮ ಹಿತ್ತಲ ಮೊಟ್ಟೆಯನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ನೇರವಾಗಿ ಮಗುವಿನ ತಾಟಿಗೆ ಬರುತ್ತದೆ.

2. ಇರುವೆ ಪುಡಿ, ಜಿರಲೆಗೆ ಗೆರೆ ಎಳೆಯುವ ಚಾಕ್, ನುಸಿ ಗುಳಿಗೆ ಬೇಡ. ಚಾಕ್ ಕುಟ್ಟಿ ಬೂದಿಯಲ್ಲಿ ಕಲಿಸುವವರು ಇದ್ದಾರೆ. ಅದೂ ಕೀಟನಾಶಕವೇ. ಔಷಧದ ಖಾಲಿ ಚೀಲ, ಡಬ್ಬಿಗಳನ್ನೂ ಕೋಳಿ ಗೂಡಿಗೆ ಹಾಸಬೇಡಿ.

3. ಸುಣ್ಣ, ಸಿಮೆಂಟ್ ಬೇಡ. ಗೂಡಿನ ಗೋಡೆಗೆ ಸುಣ್ಣ ಬಳಿಯುವುದು ಒಳ್ಳೆಯದು, ಆದರೆ ಸ್ನಾನದ ಮಣ್ಣಿಗೆ ಸುಣ್ಣದ ಪುಡಿ ಹಾಕಬಾರದು. ಹಸಿ ತಾಗಿದರೆ ಸುಡುತ್ತದೆ. ಸಿಮೆಂಟೂ ಹಾಗೆಯೇ. ಫರಸಿ ಕಲ್ಲು ಕೊಯ್ಯುವಲ್ಲಿ, ಪಾಲಿಶ್ ಮಾಡುವಲ್ಲಿ ಬೀಳುವ ಪುಡಿಯೂ ಬೇಡ. ಒಣಗಿದಾಗ ಉಸಿರಿಗೆ ಕೆಟ್ಟದ್ದು, ನೀರು ಬಿದ್ದರೆ ಗಟ್ಟಿಯಾಗುತ್ತದೆ.

4. ಕಲ್ಲಿದ್ದಲ ಬೂದಿ, ಕಾರ್ಖಾನೆ ಬಾಯ್ಲರಿನ ಬೂದಿ, ಕಸ ಸುಟ್ಟ ಬೂದಿ, ಬಣ್ಣ ಹಚ್ಚಿದ ಹಳೇ ಬಾಗಿಲು-ಕಿಟಕಿ ಸುಟ್ಟ ಬೂದಿ ಬೇಡ. ಕಸದಲ್ಲಿ ಸೆಲ್ಲು, ಪ್ಲಾಸ್ಟಿಕ್ ಇರುತ್ತದೆ. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ. ಸುಟ್ಟರೂ ಸೀಸ ಹೋಗುವುದಿಲ್ಲ, ಬೂದಿಯಲ್ಲೇ ಉಳಿದು ಕೋಳಿಯ ಮೂಲಕ ಮೊಟ್ಟೆಗೆ ಬರುತ್ತದೆ.

5. ಸೀತಾಫಲದ ಬೀಜದ ಪುಡಿ, ತಂಬಾಕಿನ ಪುಡಿ ಬೇಡ. ಸೀತಾಫಲದ ಬೀಜ ಹೇನು ಕೊಲ್ಲುತ್ತದೆ ಎಂಬುದು ನಿಜ. ಆದರೆ ಆ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಗೇ ಹುಣ್ಣಾಗುತ್ತದೆ. ತಲೆಯ ಹೇನಿಗೆ ಹಚ್ಚಿಕೊಂಡು ಕಣ್ಣು ಕೆಡಿಸಿಕೊಂಡು ದವಾಖಾನೆಗೆ ಬಂದ ಹೆಣ್ಣುಮಕ್ಕಳು ನಮ್ಮ ದೇಶದಲ್ಲಿ ಇದ್ದಾರೆ. ಮಣ್ಣಿನ ಸ್ನಾನದಲ್ಲಿ ಕೋಳಿಯ ಕಣ್ಣಿಗೆ ಧೂಳು ಹೋಗುವುದು ಖಂಡಿತ. ತಂಬಾಕಿನಲ್ಲಿ ನಿಕೋಟಿನ್ ಎಂಬ ವಿಷ ಇದೆ. ಗಿಡದಿಂದ ಬಂದದ್ದೆಲ್ಲ ನಿರಪಾಯ ಅಲ್ಲ.

6. ಬೂಸಲು ಬಂದ ಹೊಟ್ಟು, ಶೇಂಗಾ ಸಿಪ್ಪೆ, ಪ್ಲೈವುಡ್ಡಿನ ಹೊಟ್ಟು ಬೇಡ. ಬೂಸಲಿನ ಧೂಳು ಮರಿಗಳ ಶ್ವಾಸಕೋಶಕ್ಕೆ ಇಳಿದು ಕೊಲ್ಲುತ್ತದೆ.

ಗಂಧಕದ ಬಗ್ಗೆ ಕೆಲವರು ಕೇಳುತ್ತಾರೆ. ಮೇಲೆ ಹೇಳಿದ ಅಮೆರಿಕದ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಗುಣ ಕೊಟ್ಟದ್ದು ಗಂಧಕವೇ. ಆದರೆ ಅದು ಕಣ್ಣಿಗೆ, ಉಸಿರಿಗೆ ಉರಿ. ಬೆಳೆಗೆಂದು ಮಾರುವ ಗಂಧಕದಲ್ಲಿ ಬೇರೆ ವಸ್ತುಗಳೂ ಬೆರೆತಿರುತ್ತವೆ. ಪಶುವೈದ್ಯರು ನೋಡಿ, ಯಾವುದು, ಎಷ್ಟು ಎಂದು ಹೇಳಿದರೆ ಮಾತ್ರ ಬಳಸಿ. ಫೋನಿನಲ್ಲಿ ನೋಡಿ ತರಿಸುವ "ಡಯಾಟಮ್" ಬಿಳಿ ಪುಡಿಗೆ ದುಡ್ಡು ಹಾಕುವ ಅಗತ್ಯವೂ ಇಲ್ಲ. ಅದರ ಸಣ್ಣ ಧೂಳು ಕೋಳಿಯ ಉಸಿರಿಗೂ ನಿಮ್ಮ ಉಸಿರಿಗೂ ಒಳ್ಳೆಯದಲ್ಲ.

ಜಾಗ ಮಾಡುವುದು ಹೇಗೆ?

ಐದಾರು ಕೋಳಿಗೆ ಎರಡೂವರೆ ಅಡಿ ಉದ್ದ, ಎರಡು ಅಡಿ ಅಗಲದ ಜಾಗ ಸಾಕು. ಸುತ್ತ ಕಲ್ಲು ಇಟ್ಟರೂ ನಡೆಯುತ್ತದೆ, ಲಾರಿಯ ಹಳೇ ಟೈರು ಅಡ್ಡ ಮಲಗಿಸಿದರೂ ನಡೆಯುತ್ತದೆ. ಆಳ ಮುಕ್ಕಾಲು ಗೇಣು ಇರಲಿ. ಕೆಳಗೆ ಸ್ವಲ್ಪ ಗರಸು ಹಾಕಿ, ನೀರು ನಿಲ್ಲುವುದಿಲ್ಲ.

ಅಳತೆ ಹೀಗೆ: ಸಾಣಿಗೆ ಹಿಡಿದ ಮಣ್ಣು ಮೂರು ಬುಟ್ಟಿ, ಉಸುಕು ಒಂದು ಬುಟ್ಟಿ, ಕಟ್ಟಿಗೆ ಬೂದಿ ಒಂದು ಬುಟ್ಟಿ, ಒಣ ಬೇವಿನ ಪುಡಿ ಏಳೆಂಟು ಹಿಡಿ. ಎರಿ ಮಣ್ಣಾದರೆ ಮಣ್ಣು ಎರಡು ಬುಟ್ಟಿ, ಉಸುಕು ಎರಡು ಬುಟ್ಟಿ ಮಾಡಿಕೊಳ್ಳಿ. ಕಲಿಸುವಾಗ ಮೂಗಿಗೆ ಸೆರಗು ಕಟ್ಟಿಕೊಳ್ಳಿ. ಒಂದು ಹಿಡಿ ಮಿಶ್ರಣ ಮುಷ್ಟಿಯಲ್ಲಿ ಒತ್ತಿ ನೋಡಿ. ಬಿಟ್ಟ ಕೂಡಲೇ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ಇನ್ನೂ ಒಣಗಬೇಕು.

ನಮ್ಮ ಬೇಸಿಗೆಯಲ್ಲಿ ಜಾಗ ನೆರಳಲ್ಲಿರಲಿ, ಬೇವಿನ ಗಿಡದ ಕೆಳಗೆ ಇದ್ದರೆ ಉತ್ತಮ. ಮಳೆಗಾಲದಲ್ಲಿ ಮೇಲೆ ಹಳೇ ಪತ್ರಾಸು ಹಾಕಿ ಮುಚ್ಚಿಗೆ ಮಾಡಿ. ಬೇಸಿಗೆಯಲ್ಲೇ ಎರಡು ಗೋಣಿ ಚೀಲ ಒಣ ಮಣ್ಣು, ಒಂದು ಚೀಲ ಬೂದಿ ಕಟ್ಟಿ ಇಟ್ಟುಕೊಂಡರೆ ಮಳೆಗಾಲದ ಚಿಂತೆ ಇಲ್ಲ. ಹೇನು ಹೆಚ್ಚಾಗುವುದು ಒಣ ಮಣ್ಣು ಸಿಗದ ದಿನಗಳಲ್ಲೇ.

ವಾರಕ್ಕೊಮ್ಮೆ ಹಿಕ್ಕೆ ತೆಗೆಯಿರಿ. ಹಿಕ್ಕೆ ಬಿದ್ದ ಹಸಿ ಮಣ್ಣಿನಲ್ಲಿ ರಕ್ತಭೇದಿ ರೋಗದ ಬೀಜ ಬೆಳೆಯುತ್ತದೆ, ಮರಿಗಳು ಸಾಯುತ್ತವೆ. ಎರಡು ತಿಂಗಳಿಗೊಮ್ಮೆ ಮಣ್ಣು ಪೂರ್ತಿ ಬದಲಿಸಿ. ತೆಗೆದ ಮಣ್ಣನ್ನು ತಿಪ್ಪೆಗೆ ಹಾಕಿ, ಗೊಬ್ಬರವಾಗುತ್ತದೆ.

ಕಾವಿಗೆ ಕೂತ ಕೋಳಿಯನ್ನು ಮರೆಯಬೇಡಿ. ಅದು ದಿನಕ್ಕೆ ಒಂದು ಸಲ ಎದ್ದು ಕಾಳು, ನೀರು, ಮಣ್ಣಿನ ಸ್ನಾನ ಮುಗಿಸಿ ಬರುತ್ತದೆ. ಸ್ನಾನದ ಜಾಗ ಹತ್ತಿರ ಇದ್ದರೆ ಬೇಗ ವಾಪಸಾಗುತ್ತದೆ, ಮೊಟ್ಟೆ ತಣ್ಣಗಾಗುವುದಿಲ್ಲ. ತಾಯಿಗೆ ಹೇನಿದ್ದರೆ ಮರಿಗೆ ಹತ್ತುತ್ತವೆ. ಮೊಟ್ಟೆ ಇಡುವ ಬುಟ್ಟಿಯಲ್ಲಿ ಹುಲ್ಲಿನ ಕೆಳಗೆ ತೆಳುವಾಗಿ ಸ್ವಚ್ಛ ಬೂದಿ, ಒಣ ಬೇವಿನ ಎಲೆ ಹಾಸಿರಿ.

ಮಣ್ಣಿನ ಸ್ನಾನದಿಂದ ಆಗದ ಕೆಲಸ

ಮಣ್ಣಿನ ಸ್ನಾನ ಎಲ್ಲಕ್ಕೂ ಮದ್ದಲ್ಲ. ಹೇನು ಕೋಳಿಯ ಮೈಮೇಲೆಯೇ ಬದುಕುತ್ತದೆ, ಆದ್ದರಿಂದ ಸ್ನಾನಕ್ಕೆ ಸಿಗುತ್ತದೆ. ಆದರೆ ಕೆಂಪು ನುಸಿ ಮತ್ತು ಕೋಳಿ ಉಣ್ಣಿ ಹಗಲು ಕೋಳಿಯ ಮೈಮೇಲೆ ಇರುವುದಿಲ್ಲ. ಗೋಡೆಯ ಬಿರುಕು, ಕಲ್ಲಿನ ಸಂದಿ, ಕಟ್ಟಿಗೆಯ ಸೀಳಿನಲ್ಲಿ ಅಡಗಿರುತ್ತವೆ. ರಾತ್ರಿ ಬಂದು ರಕ್ತ ಕುಡಿದು ಹೋಗುತ್ತವೆ. ನಮ್ಮಂಥ ಒಣ ಸೀಮೆಯಲ್ಲಿ ಈ ಉಣ್ಣಿಯ ಕಾಟ ಹೆಚ್ಚು. ತಿಂಗಳುಗಟ್ಟಲೆ ಉಪವಾಸ ಇದ್ದರೂ ಅದು ಸಾಯುವುದಿಲ್ಲ. ಕೋಳಿಗೆ ಜ್ವರದ ರೋಗವನ್ನೂ ಅದು ಹಚ್ಚುತ್ತದೆ. "ಎಷ್ಟು ಬೂದಿ ಹಾಕಿದ್ರೂ ಕೋಳಿ ಬಿಳಚಿಕೊಂಡಾವ್ರಿ" ಎನ್ನುವವರ ಮನೆಯಲ್ಲಿ ಹೆಚ್ಚಾಗಿ ಕಾರಣ ಇದೇ.

ರಾತ್ರಿ ಬ್ಯಾಟರಿ ಹಿಡಿದು ಗೂಡಿನ ಸಂದಿ ನೋಡಿ. ಹುಳ ಕಂಡರೆ ಕೋಳಿಗಳನ್ನು ಹೊರಗೆ ಬಿಟ್ಟು, ಸಂದಿಗೆ ಕುದಿಯುವ ನೀರು ಹೊಯ್ಯಿರಿ. ಒಣಗಿದ ಮೇಲೆ ಬಿರುಕು ಮೆತ್ತಿ ಸುಣ್ಣ ಬಳಿಯಿರಿ. ಆದರೂ ಹೋಗದಿದ್ದರೆ ಪಶುವೈದ್ಯರನ್ನು ಕೇಳಿ.

ಕಾಲಿಗೆ ಬಿಳಿ ಹುರುಪೆ ಕಟ್ಟಿದ್ದರೆ ಅದೂ ಒಂದು ನುಸಿಯೇ. ಅದಕ್ಕೆ ಬೂದಿ ನಾಟುವುದಿಲ್ಲ. ಕಾಲು ತೊಳೆದು ಒರೆಸಿ, ಕೊಬ್ಬರಿ ಎಣ್ಣೆ ಅಥವಾ ಬೇವಿನ ಎಣ್ಣೆ ಕೆಲವು ದಿನ ಬಿಡದೆ ಹಚ್ಚಿ. ಸೀಮೆಎಣ್ಣೆ ಹಚ್ಚಬೇಡಿ.

ಹದಿನೈದು ದಿನಕ್ಕೊಮ್ಮೆ ಸಂಜೆ ಒಂದೊಂದೇ ಕೋಳಿ ಹಿಡಿದು ಗುದದ ಸುತ್ತ, ರೆಕ್ಕೆಯ ಕೆಳಗೆ ಪುಕ್ಕ ಸರಿಸಿ ನೋಡಿ. ಪುಕ್ಕದ ಬುಡಕ್ಕೆ ಬಿಳಿ ಗುಂಪಾಗಿ ಅಂಟಿದ್ದರೆ ಅದು ಹೇನಿನ ಸೀರು. ಮಣ್ಣು, ಬೂದಿ ಸೀರನ್ನು ಕೊಲ್ಲುವುದಿಲ್ಲ. ವಾರದೊಳಗೆ ಸೀರು ಒಡೆದು ಹೊಸ ಹೇನು ಬರುತ್ತವೆ. ಹೇನು ಬಹಳ ಇದ್ದರೆ ವೈದ್ಯರು ಕೋಳಿಗೆಂದೇ ಇರುವ ಔಷಧ ಕೊಡುತ್ತಾರೆ. ಕೊಟ್ಟಾಗ ಎರಡು ಮಾತು ಕೇಳಿ ಬರೆದುಕೊಳ್ಳಿ: ಮತ್ತೆ ಯಾವಾಗ ಹಾಕಬೇಕು? ಎಷ್ಟು ದಿನ ಮೊಟ್ಟೆ, ಮಾಂಸ ತಿನ್ನಬಾರದು?

ವಿಷ ತಾಗಿದರೆ

ಕೋಳಿ ಜೊಲ್ಲು ಸುರಿಸಿ, ತೂಗಾಡಿ, ನಡುಗುತ್ತಿದ್ದರೆ ತಡ ಮಾಡಬೇಡಿ. ಆ ಜಾಗದಿಂದ ಎಲ್ಲ ಕೋಳಿ ಹೊರಗೆ ತೆಗೆಯಿರಿ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಮೈಮೇಲಿನ ಪುಡಿಯನ್ನು ಉಗುರುಬೆಚ್ಚಗಿನ ಸೋಪಿನ ನೀರಿನಿಂದ ತೊಳೆದು ಒರೆಸಿ. 1962ಕ್ಕೆ ಫೋನ್ ಮಾಡಿ, ಇದು ಸರ್ಕಾರದ ಸಂಚಾರಿ ಪಶು ಚಿಕಿತ್ಸೆಯ ಉಚಿತ ನಂಬರು. ಪುಡಿಯ ಚೀಲ ಎಸೆಯಬೇಡಿ, ವೈದ್ಯರಿಗೆ ತೋರಿಸಿ. ಸತ್ತ ಕೋಳಿ ತಿನ್ನಬೇಡಿ, ನಾಯಿಗೂ ಹಾಕಬೇಡಿ, ಆಳವಾಗಿ ಹೂಳಿರಿ. ಉಳಿದ ಕೋಳಿಗಳ ಮೊಟ್ಟೆಯನ್ನು ವೈದ್ಯರು ಹೇಳುವವರೆಗೆ ತಿನ್ನಬೇಡಿ, ಮಾರಲೂ ಬೇಡಿ. ಮಕ್ಕಳು ಆ ಮಣ್ಣಿನಲ್ಲಿ ಆಡಿದ್ದರೆ ಬಟ್ಟೆ ಬದಲಿಸಿ, ಸೋಪು ಹಚ್ಚಿ ಸ್ನಾನ ಮಾಡಿಸಿ. ವಾಂತಿ, ಜೊಲ್ಲು, ಬೆವರು ಕಂಡರೆ 108ಕ್ಕೆ ಫೋನ್ ಮಾಡಿ ದವಾಖಾನೆಗೆ ಹೋಗಿ.

ಸಂಘದ ಸಭೆಯಲ್ಲಿ ಮಾತಾಡಿ

1. ನಮ್ಮ ಮನೆಯ ಅಟ್ಟದ ಮೇಲೆ, ಕೊಟ್ಟಿಗೆಯಲ್ಲಿ ಯಾವ ಯಾವ ಪುಡಿ ಉಳಿದಿವೆ? ಒಂದು ಪಟ್ಟಿ ಮಾಡಿ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ, ಏನು ಮಾಡಬೇಕೆಂದು ಕೇಳೋಣವೇ?

2. ನಮ್ಮ ಒಲೆಗೆ ಪ್ಲಾಸ್ಟಿಕ್ ಬೀಳುತ್ತದೆಯೇ?

3. ಕೋಳಿಗೆ ಸಾಲ ಕೊಡುವ ಮೊದಲು ಆ ಮನೆಯಲ್ಲಿ ಗೂಡು ಮತ್ತು ಮಣ್ಣಿನ ಸ್ನಾನದ ಜಾಗ ತಯಾರಿದೆಯೇ ಎಂದು ಸಂಘದ ಇಬ್ಬರು ಹೋಗಿ ನೋಡಿ ಬರಬಹುದೇ?

ಖರ್ಚಿನ ಲೆಕ್ಕವನ್ನೂ ಹಾಕಿ ನೋಡಿ. ಮಣ್ಣು, ಉಸುಕು, ಬೂದಿ, ಬೇವು ಎಲ್ಲಾ ಮನೆಯದೇ. ಹಳೇ ಟೈರು ಕೇಳಿದರೆ ಸಿಗುತ್ತದೆ. ಬೇಕಾದದ್ದು ಒಂದು ಮಧ್ಯಾಹ್ನದ ದುಡಿಮೆ ಮಾತ್ರ. ಒಂದು ಕೋಳಿ ಸತ್ತರೆ ಎಷ್ಟು ಹೋಗುತ್ತದೆ ಎಂಬುದು ನಿಮ್ಮ ಊರಿನ ಸಂತೆಯ ದರದಲ್ಲಿ ನಿಮಗೇ ಗೊತ್ತು.

ಆ ತಾಯಿ ಈಗ ಮತ್ತೆ ಕೋಳಿ ಸಾಕಿದ್ದಾರೆ. ಹೋದ ಸಲ ಅವರ ಮನೆಗೆ ಹೋದಾಗ ಬೇವಿನ ಗಿಡದ ಕೆಳಗೆ ಟೈರಿನಲ್ಲಿ ಮೂರು ಕೋಳಿ ಕಣ್ಣು ಮುಚ್ಚಿ ಹೊರಳಾಡುತ್ತಿದ್ದವು. ಅವರು ಒಂದು ಹಿಡಿ ಮಣ್ಣು ತೆಗೆದು ನನ್ನ ಕೈಗೆ ಹಾಕಿ, "ನೋಡ್ರಿ ಸಿಸ್ಟರ್, ಈಗ ಇದ್ರಾಗ ಮೊಮ್ಮಗ ಆಡಿದ್ರೂ ನನಗ ಹೆದರಿಕಿ ಇಲ್ಲ" ಅಂದರು. ನಿಮ್ಮ ಹಿತ್ತಲಲ್ಲಿ ಕೋಳಿಗೆ ಮಣ್ಣು ಹಾಕುವಾಗ ಈ ಒಂದು ಅಳತೆ ಸಾಕು: ಮಗು ಆಡಲು ಹೆದರಬೇಕಾದ ಮಣ್ಣು ಕೋಳಿಗೂ ಬೇಡ.